ಸಂಚಿಯೊಳಗಿನ ಸೀಸ

ಸ್ವಂತ ಮೊಮ್ಮಗಳ ದೋಣಿಗೆ ಕನ್ನ ಹಾಕಿದ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಆತನ ಜೊತೆ ನಲವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದ್ದೇನೆ. ಕದ್ದ ಮಾಲು ಎಲ್ಲಿತ್ತು ಅಂತೀರಿ? ನನ್ನ ಎಲೆ-ಅಡಿಕೆ ಸಂಚಿಯಲ್ಲಿ!

ನಮ್ಮ ಮನೆಯವರ ಹೆಸರು ನಾನು ಹೇಳುವುದಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಈ ಸಂಗತಿ ಕೇಳಿದ ಮೇಲೆ ಹೆಸರು ಗೊತ್ತಾಗದೆ ಇರುವುದೇ ಅವರಿಗೂ ಕ್ಷೇಮ.

ಅವರು ರಾಯಚೂರಿನ ಗಂಜ್‌ನಲ್ಲಿ ತೂಕದವರಾಗಿದ್ದರು. ಹತ್ತಿ, ಭತ್ತ, ಶೇಂಗಾ ಬಂದು ಬೀಳುವ ದೊಡ್ಡ ಮಾರುಕಟ್ಟೆಗೆ ನಾವು ಗಂಜ್ ಅನ್ನುತ್ತೇವೆ. ಅಲ್ಲಿ ದಿನವೆಲ್ಲ ಚೀಲ ತೂಗಿ ತೂಗಿ ಅವರ ಕಣ್ಣೇ ತಕ್ಕಡಿಯಾಗಿಬಿಟ್ಟಿತ್ತು. ಹೆಣ್ಣು ನೋಡಲು ಮಾನ್ವಿ ತಾಲ್ಲೂಕಿನ ನಮ್ಮ ಕುರ್ಡಿಗೆ ಬಂದವರು, ನಾನು ಚಹಾ ಹಿಡಿದು ಹೊರಗೆ ಬರುತ್ತಲೇ ತಮ್ಮ ಅಣ್ಣನ ಕಿವಿಯಲ್ಲಿ ಏನೋ ಅಂದರು. ನಮ್ಮಪ್ಪನ ಕಿವಿ ಚುರುಕು.

"ಏನಂದ್ರಿ?" ಅಂತ ಕೇಳಿದ.

"ಏನಿಲ್ರಿ, ನಲವತ್ತೆರಡು ಕಿಲೊ ಅಂದೆ. ಒಡವಿ ತಗದ್ರ ಅರ್ಧ ಕಿಲೊ ಕಡಿಮಿ."

"ಯಪ್ಪಾ, ನಾವು ಹೆಣ್ಣು ಕೊಡಾಕತ್ತೀವಿ. ಶೇಂಗಾ ಅಲ್ಲ!"

ಆದರೂ ಕೊಟ್ಟರು ನೋಡಿ! ತೂಕದಲ್ಲಿ ಒಂದು ಗುಂಜಿ ಹೆಚ್ಚುಕಡಿಮೆ ಮಾಡದವ ಬಾಳಿನಲ್ಲೂ ಮಾಡಲಿಕ್ಕಿಲ್ಲ ಅಂತ ನಮ್ಮಪ್ಪನ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ. ಆದರೆ ಕಳ್ಳತೂಕದವರ ಮೇಲೆ ಇವರಿಗಿದ್ದ ಸಿಟ್ಟು ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾನ್ವಿ ಸಂತೆಗೆ ಹೋಗಿದ್ದೆವು. ಬದನೆಕಾಯಿ ತೂಗುತ್ತಿದ್ದವನ ತಕ್ಕಡಿಯನ್ನು ಇವರು ದೂರದಿಂದಲೇ ನೋಡಿ, "ಲೇ, ತಟ್ಟಿ ಅಡಿಗೆ ಹುಣಸಿಹಣ್ಣು ಅಂಟಿಸಿದ್ಯಲ್ಲೋ!" ಅಂತ ಒದರಿದರು. ಜನ ಮುತ್ತಿದರು. ಅವನು ನಿಧಾನಕ್ಕೆ ತಟ್ಟೆ ತಿರುವಿದ, ಅಡಿಯಲ್ಲಿದ್ದ ಹುಣಸೆಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ, ಚಪ್ಪರಿಸಿ ನುಂಗಿದ, ಆಮೇಲೆ ಕೇಳಿದ: "ಎಲ್ಲೈತ್ರಿ?"

ಅವತ್ತೇ ಇವರು ಪಾಠ ಕಲಿತರು. ಕಳ್ಳತೂಕ ಕಂಡರೆ ಮೊದಲು ಒದರಬಾರದು, ಮೊದಲು ಮಾಲು ಕೈಗೆ ತೆಗೆದುಕೊಳ್ಳಬೇಕು. ಈ ಪಾಠವೇ ಮುಂದೆ ನಮ್ಮ ಜೀವ ಬಾಯಿಗೆ ತಂದದ್ದು!

ಗಂಜ್ ಬಿಟ್ಟ ಮೇಲೆ ಇನ್ನೊಂದು ಹುಚ್ಚು ಹತ್ತಿತು. ಕೆಲಸಕ್ಕೆ ಬಾರದ ಭಾರ ಯಾವ ವಸ್ತುವಿನ ಮೇಲೂ ಇರಬಾರದಂತೆ. ಕಾಂಟಾದ, ಅಂದರೆ ತೂಕದ ಯಂತ್ರದ, ತಿರುಪು ಬಿಗಿಯುವ ಸಣ್ಣ ಸ್ಕ್ರೂಡ್ರೈವರ್ ಒಂದು ಅವರ ಅಂಗಿ ಜೇಬಿನಲ್ಲಿ ಸದಾ ಇರುತ್ತದೆ, ಮೇಷ್ಟ್ರ ಜೇಬಿನಲ್ಲಿ ಪೆನ್ನು ಇದ್ದ ಹಾಗೆ. ಮೊದಲು ಸೈಕಲ್ಲಿನ ಕ್ಯಾರಿಯರ್ ಬಿಚ್ಚಿದರು. ಆಮೇಲೆ ಮಡ್ಗಾರ್ಡು. ಆಮೇಲೆ ಸ್ಟ್ಯಾಂಡು. ಈಗ ಆ ಸೈಕಲ್ಲು ಗೋಡೆ ಕಂಡಲ್ಲಿ ಮಾತ್ರ ನಿಲ್ಲುತ್ತದೆ. ಕೊನೆಗೆ ಗಂಟೆಯನ್ನೂ ಬಿಚ್ಚಿದಾಗ ನಾನು ಕೇಳಿದೆ:

"ಅದ್ಯಾಕ್ರಿ? ಯಾರರ ಅಡ್ಡ ಬಂದ್ರ?"

"ನೂರಿಪ್ಪತ್ತು ಗ್ರಾಂ ಅದ ಅದು! ದೇವ್ರು ಬಾಯಿ ಕೊಟ್ಟಿಲ್ಲೇನು?"

ಇವತ್ತಿಗೂ ನಮ್ಮ ಗಲ್ಲಿಯಲ್ಲಿ "ಟ್ರಿಂಗ್ ಟ್ರಿಂಗ್" ಅಂತ ಮನುಷ್ಯನ ದನಿ ಕೇಳಿದರೆ ಮಕ್ಕಳು ದಾರಿ ಬಿಡುತ್ತವೆ. ಎಮ್ಮೆಗಳು ಮಾತ್ರ ಬಿಡುವುದಿಲ್ಲ.

ಇನ್ನು ಮೊಮ್ಮಗಳು ಹುಲಿಗಿ. ಪೂರ್ತಿ ಹೆಸರು ಹುಲಿಗೆಮ್ಮ. ನನ್ನ ಮಗ ಸೊಸೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು ಅವಳನ್ನೂ ಕರೆದುಕೊಂಡು ಹೋದರು. ಅಲ್ಲಿ ಅವಳ ಶಾಲೆಯ ಹತ್ತಿರ ಒಂದು ಕೆರೆ. ದೋಣಿ ಕಲಿಸುವವರು ಯಾರೋ ಶಾಲೆಗೆ ಬಂದು "ಯಾರಿಗೆ ನೀರಿನ ಭಯ ಇಲ್ಲ?" ಅಂತ ಕೇಳಿದರಂತೆ. ನಮ್ಮ ಹುಲಿಗಿ ಕೈ ಎತ್ತಿದಳಂತೆ. ಬಾವಿಗೆ ಇಣುಕಿದರೆ ನನಗೆ ತಲೆ ಸುತ್ತುತ್ತದೆ, ಇವರಿಗೆ ಈಜು ಬರುವುದಿಲ್ಲ, ಇಂಥ ವಂಶದಲ್ಲಿ ಈ ಕೈ ಎಲ್ಲಿಂದ ಬಂತು?

ಅವಳು ನಡೆಸುವುದು ಸಾದಾ ದೋಣಿಯಲ್ಲ, ಕ್ಯಾಟಮರಾನ್. ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಅಡ್ಡಪಟ್ಟಿ ಹಾಕಿ, ಅದಕ್ಕೆ ಹೊರಸು ಮಂಚದ ನುಲಿಯ ಹಾಗೆ ಬಲೆ ಬಿಗಿದಿರುತ್ತಾರೆ. ಮೇಲೊಂದು ಹಾಯಿ. ಇಬ್ಬರು ಬೇಕು. ಚುಕ್ಕಾಣಿ ನಮ್ಮ ಹುಲಿಗಿಯದು, ಹಗ್ಗ ಹಿಡಿಯುವವಳು ಶಬಾನಾ, ನಮ್ಮ ರಾಯಚೂರಿನವಳೇ. ಮೊಬೈಲಿನಲ್ಲಿ ಅದರ ವಿಡಿಯೋ ಮೊದಲ ಸಲ ನೋಡಿದಾಗ ಇವರು ಅಂದದ್ದು: "ಹೊರಸಿನ ಮ್ಯಾಲ ಕುಂತು ಹೊಳಿ ದಾಟ್ತಾರಲ್ಲೇ!"

ಹೋದ ರಜೆಯಲ್ಲಿ ಹುಲಿಗಿ ಮನೆಗೆ ಬಂದಿದ್ದಳು. ಇವರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಮಾತಿಗೆ ಕೂತರು.

"ದೋಣಿ ಅಡಿಗೆ ಔಡಲೆಣ್ಣಿ ಹಚ್ಚಿದ್ರ ಸರ್ ಅಂತ ಹೋಗ್ತದಲ್ಲವ್ವ?"

"ಹಚ್ಚಂಗಿಲ್ಲ ತಾತಾ. ರೂಲ್ಸ್ ಅದ."

"ಆ ಕಂಬ ಒಂದು ಗೇಣು ಉದ್ದ ಮಾಡಿದ್ರ? ಗಾಳಿ ಹೆಚ್ಚು ಹಿಡಿತದ."

"ಮಾಡಂಗಿಲ್ಲ. ಎಲ್ಲಾ ದೋಣಿ ಒಂದೇ ಅಚ್ಚಿನವು ಇರಬೇಕು. ಒಂದು ತೂತು ಹೆಚ್ಚಿಗಿ ಕೊರದ್ರೂ ಹೊರಗ ಹಾಕ್ತಾರ. ಹಾಯಿಗೆ ಒಂದು ಹೊಲಿಗಿ ಹಾಕಬೇಕಂದ್ರೂ ಕೇಳಬೇಕು."

"ನಿಂಬಿಹಣ್ಣು ಮೆಣಸಿನಕಾಯಿ?"

ಹುಲಿಗಿ ಯೋಚನೆ ಮಾಡಿದಳು. "ಅದಕ್ಕ ರೂಲಿಲ್ಲ."

"ಮತ್ತ? ರೂಲ್ ಬರಿದವಂಗ ಬುದ್ಧಿ ಕಮ್ಮಿ ಅದ. ಮುಖ್ಯದ್ದೇ ಬಿಟ್ಟಾನ!" ಅಂದರು ಇವರು, ಬಹಳ ಸಮಾಧಾನದಿಂದ.

ಈ ಸಲ ಪಂದ್ಯ ನಮ್ಮ ಕಡೆಗೇ ಬಂತು. ದೇವದುರ್ಗದ ಆಚೆ, ಕೃಷ್ಣಾ ಬ್ಯಾರೇಜಿನ ಹಿನ್ನೀರಿನಲ್ಲಿ. ಎರಡು ದಿನ, ಐದು ಓಟ. ಎಲ್ಲ ಕೂಡಿಸಿ ಮೊದಲ ಮೂರು ಸ್ಥಾನದಲ್ಲಿ ಬಂದ ದೋಣಿಯ ಮಕ್ಕಳಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು. ಊಟ, ಶಾಲೆ, ದೋಣಿ ಮೂರೂ ಅಲ್ಲೇ. ಬರದಿದ್ದರೆ? ಹೈದರಾಬಾದಿನ ಕಲಿಕೆ ಈ ವರ್ಷಕ್ಕೆ ಮುಗಿಯಿತು. ಅವಳ ಅಪ್ಪ ಅವ್ವ ಮುಂದೆ ಯಾವ ಊರಿನ ಕಟ್ಟಡಕ್ಕೆ ಹೋಗುತ್ತಾರೋ ಅವಳೂ ಅಲ್ಲಿಗೆ, ದೋಣಿಯ ಕಥೆ ಇಲ್ಲಿಗೆ. ಹುಲಿಗಿ ಇದನ್ನು ಫೋನಿನಲ್ಲಿ ನಗುನಗುತ್ತ ಹೇಳಿದಳು. ಅವಳು ನಕ್ಕು ಹೇಳಿದ ಮಾತಿಗೆ ನನಗೆ ವಾರವಿಡೀ ಅನ್ನ ಇಳಿಯಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಗಬ್ಬೂರು ಮುಟ್ಟುವುದರೊಳಗೆ ಬಸ್ಸಿನಲ್ಲಿದ್ದವರಿಗೆಲ್ಲ ಇವರು ಕ್ಯಾಟಮರಾನಿನ ರೂಲ್ಸ್ ಹೇಳಿ ಮುಗಿಸಿದ್ದರು. ಕಂಡಕ್ಟರ್ ಅಂತೂ "ಹಂಗಾದ್ರ ಔಡಲೆಣ್ಣಿ ಹಚ್ಚಂಗೇ ಇಲ್ಲೇನ್ರಿ?" ಅಂತ ನಿಜವಾಗಿ ನೊಂದುಕೊಂಡ. ನಾನು ಕಿಟಕಿಗೆ ತಲೆ ಆನಿಸಿ, ನೆನಪಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ದೇವರು ಮುಗಿದ ಮೇಲೆ ದಾರಿಯಲ್ಲಿ ಸಿಕ್ಕ ದರ್ಗಾಕ್ಕೂ ಒಂದು ಹೊತ್ತೆ. ಶಬಾನಾನೂ ಇದ್ದಾಳಲ್ಲ, ದೋಣಿ ಇಬ್ಬರದು.

ನಾವು ಹೋದಾಗ ದಂಡೆಯ ಮೇಲೆ ಹನ್ನೆರಡು ದೋಣಿ ಸಾಲಾಗಿ ನಿಂತಿದ್ದವು. ಮಕ್ಕಳನ್ನೆಲ್ಲ ಟೆಂಟಿನೊಳಗೆ ಕೂಡಿಸಿ ಏನೋ ಹೇಳುತ್ತಿದ್ದರು. ಹುಲಿಗಿಯ ದೋಣಿ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ, ಮುಂದೆ ನಿಂಬೆಹಣ್ಣು ತೂಗಾಡುತ್ತಿತ್ತು. ಇವರು ಅದರ ಸುತ್ತ ಒಂದು ಸುತ್ತು ಬಂದರು. ಕೂತರು. ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

"ಏ, ಇಲ್ಲಿ ಬಾ. ಮೆಲ್ಲಕ ಬಾ."

ಹೋದೆ. ಅಡ್ಡಪಟ್ಟಿಯ ಅಡಿಗೆ ಕಪ್ಪನೆಯ ನಾಲ್ಕು ಬಿಲ್ಲೆ, ಸ್ಕ್ರೂ ಹಾಕಿ ಕೂಡಿಸಿದ್ದು.

"ಏನದು?"

"ಸೀಸ. ಒಂದೊಂದು ಅರ್ಧ ಕಿಲೊ. ಆ ದೋಣಿ ನೋಡು, ಅದಕ್ಕಿಲ್ಲ. ಈ ಕಡಿದಕ್ಕ ಒಂದೇ. ನಮ್ಮ ಹುಡುಗಿದಕ್ಕ ನಾಕು! ಬಡವರ ಮಗಳು ಮುಂದ ಹೋಗಬಾರದಂತ ಯಾರೋ ಕಳ್ಳತೂಕ ಹಾಕ್ಯಾರ."

ನಾನು ಟೆಂಟಿನ ಕಡೆ ತಿರುಗಿದೆ. "ಸಾಹೇಬ್ರಿಗೆ ಹೇಳೂಣ ಬರ್ರಿ."

"ಹುಚ್ಚಿ! ಹೇಳಿದ್ರ ಹುಣಸಿಹಣ್ಣು ನುಂಗಿದಂಗ ನುಂಗ್ತಾರ. ಮೊದಲು ಮಾಲು ಕೈಯಾಗ ಬರ್ಲಿ."

ಸ್ಕ್ರೂಡ್ರೈವರ್ ಹೊರಗೆ ಬಂತು. ನಾನು ಸೆರಗು ಅಗಲ ಮಾಡಿ ಅಡ್ಡ ನಿಂತೆ. ಸುಳ್ಳು ಯಾಕೆ ಹೇಳಲಿ, ನನಗೂ ರೋಷ ಬಂದಿತ್ತು! ನಾಲ್ಕೂ ಬಿಲ್ಲೆ ಎರಡು ನಿಮಿಷದಲ್ಲಿ ನನ್ನ ಸಂಚಿ ಸೇರಿದವು. ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಚಿ ಜಗ್ಗಿ ಜಗ್ಗಿ ನಾನು ಒಂದು ಕಡೆ ವಾಲಿ ನಡೆಯುವಂತಾಯಿತು.

"ಓಟ ಮುಗೀಲಿ, ಆಮ್ಯಾಲ ಎಲ್ಲಾರ ಮುಂದ ಮಾಲು ಇಟ್ಟು ಕೇಳ್ತೀನಿ," ಅಂದರು.

ಮೊದಲ ಓಟ ಶುರುವಾಯಿತು. ಅಯ್ಯೋ, ಅದನ್ನು ಹೇಗೆ ಹೇಳಲಿ? ಗಾಳಿ ಬೀಸಿದ ಕೂಡಲೇ ಆ ಜೋಡಿ ದೋಣಿಯ ಒಂದು ಕಾಲು ನೀರಿನಿಂದ ಮೇಲೆದ್ದುಬಿಟ್ಟಿತು! ಶಬಾನಾ ಒಂದು ತಂತಿಗೆ ಜೋತುಬಿದ್ದು ನೀರಿನ ಮೇಲೆ ಮಲಗಿದಂತೆ ನಿಂತಿದ್ದಾಳೆ. ಹುಲಿಗಿ ಅಂಚಿನಲ್ಲಿ ಕೂತು ಹಿಂದಕ್ಕೆ ಬಾಗಿದ್ದಾಳೆ. "ಯವ್ವಾ, ಬಿತ್ತು!" ಅಂತ ನಾನು ಕಣ್ಣು ಮುಚ್ಚಿದೆ. ತೆರೆದರೆ ಬಿದ್ದಿಲ್ಲ. ಮತ್ತೆ ಮುಚ್ಚಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು, "ಅಜ್ಜಿ, ಅದು ಬೀಳೋದಲ್ಲ, ಅದೇ ಓಡೋದು," ಅಂದಳು. ಎತ್ತು ಒಂದು ಕಾಲೆತ್ತಿ ಓಡಿದ್ದನ್ನು ಯಾರಾದರೂ ನೋಡಿದ್ದಾರಾ?

ಓಡಿತು. ಓಡಿ ಎಲ್ಲರಿಗಿಂತ ಮೊದಲು ಬಂತು! ಇವರು ದಂಡೆಯ ಮೇಲೆ "ಟ್ರಿಂಗ್ ಟ್ರಿಂಗ್" ಅಂತ ಕೂಗುತ್ತ ಕುಣಿದರು.

ಹುಲಿಗಿ ತೊಯ್ದ ಬೆಕ್ಕಿನ ಹಾಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ಯವ್ವಾ, ತೂಕ ಒಂದು ಆಗ್ಲಿ, ಮೊದಲ ನಂಬರ್ ಪಕ್ಕಾ!"

"ತೂಕ? ಯಾರ ತೂಕ?"

"ದೋಣಿದು. ಮೊದಲ ಬಂದ ಮೂರೂ ದೋಣಿ ಮತ್ತ ತೂಗ್ತಾರ. ನಮ್ಮ ದೋಣಿ ಎಲ್ಲಾದಕ್ಕಿಂತ ಹಗೂರ ಅದ. ಹಗೂರ ಇದ್ದದ್ದು ಜೋರು ಓಡ್ತದಲ್ಲ, ಅದಕ್ಕ ಅಳತಿ ಸಾಹೇಬ್ರು ನಿನ್ನೆ ನಾಕು ಸೀಸ ಹಚ್ಚಿ ಸಮ ಮಾಡ್ಯಾರ. ಅದು ಇರ್ಲಿಲ್ಲಂದ್ರ ನಾವು ಹೊರಗ!"

ಇಷ್ಟು ಹೇಳಿ ಅವಳು ಹಾರುತ್ತ ಹೋದಳು. ನನ್ನ ಸಂಚಿ ಆ ಕ್ಷಣಕ್ಕೆ ಎರಡು ಕಿಲೊ ಇದ್ದದ್ದು ಎರಡು ಮಣ ಆಯಿತು.

ತಿರುಗಿ ನೋಡಿದರೆ ಇವರಿಲ್ಲ. ಎಲ್ಲಿ ಹೋಗಿರುತ್ತಾರೆ? ತೂಕ ಅಂದ ಕಡೆ! ಅಳತೆ ಸಾಹೇಬರ ಎಲೆಕ್ಟ್ರಾನಿಕ್ ಕಾಂಟಾದ ಮುಂದೆ ಕೈಕಟ್ಟಿ ನಿಂತು, ದೇವರ ಗುಡಿಯಲ್ಲಿ ನಿಂತವರ ಹಾಗೆ ನೋಡುತ್ತಿದ್ದರು. ಸೀಸದ ವಿಷಯ ಅವರಿಗಿನ್ನೂ ಗೊತ್ತಿಲ್ಲ. ನಾಲ್ಕು ಜನ ಹೊತ್ತು ತಂದು ಹುಲಿಗಿಯ ದೋಣಿಯನ್ನು ಕಾಂಟಾದ ಮೇಲೆ ಇಡುತ್ತಿದ್ದರು.

ನನಗೆ ಏನು ತೋಚಬೇಕು? ಓದಿದ್ದು ನಾಲ್ಕನೇ ತರಗತಿ. ದೋಣಿ ಎರಡು ಕಿಲೊ ಕಡಿಮೆ ಇದೆ, ಎರಡು ಕಿಲೊ ಹೆಚ್ಚಾಗಬೇಕು, ಇಷ್ಟೇ ತಲೆಯಲ್ಲಿ. ಮೆಲ್ಲಗೆ ಹೋಗಿ, ದೋಣಿ ನೋಡಲು ಬಂದ ಮುದುಕಿಯ ಹಾಗೆ ಅದರ ಅಂಚಿನ ಮೇಲೆ ಕೈ ಇಟ್ಟೆ. ಸ್ವಲ್ಪ ಒತ್ತಿದೆ. ಕಾಂಟಾದ ಅಂಕಿ ಏರಿತು. ಹೆಚ್ಚಾಯಿತೇನೋ ಅಂತ ಸಡಿಲ ಬಿಟ್ಟೆ. ಇಳಿಯಿತು. ಮತ್ತೆ ಒತ್ತಿದೆ.

ಅಳತೆ ಸಾಹೇಬರು ಕರಾವಳಿ ಕಡೆಯವರು, ತೆಳ್ಳಗೆ, ಮೂಗಿನ ತುದಿಗೆ ಕನ್ನಡಕ. "ಇದೆಂಥದು? ಗಾಳಿ ಇಲ್ಲ, ಅಂಕಿ ಯಾಕೆ ಕುಣಿಯುತ್ತದೆ?" ಅಂದರು.

ಸಾಹೇಬರಿಗೆ ಕಾಣಲಿಲ್ಲ. ಆದರೆ ಜೀವಮಾನವೆಲ್ಲ ತಕ್ಕಡಿಗೆ ತಾಗಿದ ಕಾಲ ಹೆಬ್ಬೆರಳು, ಚೀಲಕ್ಕೆ ಆನಿಸಿದ ಮೊಣಕಾಲು ಹುಡುಕಿದ ಕಣ್ಣುಗಳು ಅಲ್ಲೇ ಇದ್ದವಲ್ಲ!

"ಏ! ಕೈ ತಗಿ!"

ನಲವತ್ತು ವರ್ಷದಲ್ಲಿ ಅವರು ನನ್ನ ಮೇಲೆ ಹಾಗೆ ಗದರಿದ್ದಿಲ್ಲ. ನಾನು ಕೈ ತೆಗೆದೆ. ಅಂಕಿ ಇಳಿದು ನಿಂತಿತು.

"ಎರಡು ಕಿಲೊ ಕಡಿಮೆ," ಅಂದರು ಸಾಹೇಬರು. ಬಗ್ಗಿ ನೋಡಿದರು. "ಸೀಸ ಎಲ್ಲಿ?"

ಹುಲಿಗಿ ತಾನೂ ದೋಣಿಯ ಅಡಿಗೆ ಬಗ್ಗಿ ನೋಡಿದಳು. ಶಬಾನಾ "ಯಾ ಅಲ್ಲಾ" ಅಂತ ನೆಲಕ್ಕೆ ಕೂತಳು. ನಾನು ಇವರ ಕಡೆ ನೋಡಿ, ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದೆ. ಕೃಷ್ಣೆ ಪಕ್ಕದಲ್ಲೇ ಇದ್ದಾಳೆ, ಸಂಚಿ ನೀರಿಗೆ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ಇವರು ಸನ್ನೆ ನೋಡಿದರು. ನೋಡಿಯೂ ನನ್ನ ಹತ್ತಿರ ಬಂದು, ಸೊಂಟದಿಂದ ಸಂಚಿ ಎಳೆದುಕೊಂಡು, ಸಾಹೇಬರ ಮೇಜಿನ ಮೇಲೆ ಸುರಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ನಾಲ್ಕು ಸೀಸ.

"ನಾನೇ ತಗದೀನ್ರಿ. ಹುಡುಗೇರಿಗೆ ಗೊತ್ತಿಲ್ಲ. ಕಳ್ಳತೂಕ ಅಂದ್ಕೊಂಡೆ."

ಸಾಹೇಬರು ಕನ್ನಡಕ ತೆಗೆದರು. "ಯಜಮಾನರೇ, ಎಲ್ಲ ದೋಣಿಯೂ ಒಂದೇ ತೂಕ ಇರಬೇಕು. ಗೆಲ್ಲುವುದು ಮಕ್ಕಳ ಕೈಯಾಗಬೇಕು, ದೋಣಿಯಲ್ಲ. ಅದಕ್ಕೆ ಹಗುರ ದೋಣಿಗೆ ಸೀಸ ಕಟ್ಟುವುದು."

ಇವರು ಮೇಜಿನ ಮೇಲಿನ ಒಂದು ಬಿಲ್ಲೆ ಎತ್ತಿ ಅಂಗೈಯಲ್ಲಿ ತೂಗಿದರು. ಆಮೇಲೆ ಕೇಳಿದರು: "ಅಂದ್ರ ಇದು ದಡಾ ಏನ್ರಿ?"

"ದಡಾ ಅಂದರೆ?"

"ತಕ್ಕಡಿದು ಒಂದು ತಟ್ಟಿ ಹಗೂರ ಇರ್ತದಲ್ರಿ, ಮಾಲು ಹಾಕೂಕಿಂತ ಮೊದಲು ಅದಕ್ಕ ಸಣ್ಣ ಕಲ್ಲು ಕಟ್ಟಿ ಎರಡೂ ಸಮ ಮಾಡ್ತೀವಿ. ಅದು ದಡಾ. ಅದು ಇದ್ರ ನ್ಯಾಯ. ಅದನ್ನ ತಗದಾವ..." ಅವರ ದನಿ ಸಣ್ಣದಾಯಿತು. "ಅದನ್ನ ತಗದಾವ ಕಳ್ಳ ರೀ."

ಸಾಹೇಬರು ಪುಸ್ತಕ ತಿರುವಿದರು, ಇನ್ನಿಬ್ಬರ ಜೊತೆ ಮಾತಾಡಿದರು. ಕೊನೆಗೆ ಹೇಳಿದರು: ಈ ದೋಣಿಗೆ ಮೊದಲ ಓಟ ರದ್ದು. ಪ್ರತಿ ದೋಣಿಗೂ ಅದರ ಅತಿ ಕೆಟ್ಟ ಓಟ ಒಂದನ್ನು ಬಿಟ್ಟುಬಿಡುತ್ತಾರಂತೆ, ಈ ಹುಡುಗಿಯರಿಗೆ ಇದೇ ಆ ಓಟ. ಉಳಿದ ನಾಲ್ಕರಲ್ಲಿ ಒಂದೂ ತಪ್ಪುವಂತಿಲ್ಲ. ಇನ್ನೊಮ್ಮೆ ಯಾರಾದರೂ ದೋಣಿಯ ಸೀಸ ಬಿಚ್ಚಿದರೆ ಪಂದ್ಯದಿಂದಲೇ ಹೊರಗೆ.

ಇವರು ಯಾರ ಮುಖವನ್ನೂ ನೋಡದೆ ರಸ್ತೆಗೆ ಹೋಗಿ ಬೇವಿನ ಮರದ ಕೆಳಗೆ ಬಸ್ಸಿಗೆ ಕಾದು ನಿಂತರು. ನಾನು ಹಿಂದೆ ಹೋದೆ. ಸ್ವಲ್ಪ ಹೊತ್ತಿಗೆ ಹುಲಿಗಿ ಬರಿಗಾಲಲ್ಲಿ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು.

"ಎಲ್ಲಿ ಹೊಂಟಿ ತಾತಾ?"

"ಊರಿಗೆ."

"ರಾಯಚೂರು ಬಸ್ ಈಗ ಹೋತು. ಇನ್ನ ಸಂಜಿತನ ಬಸ್ಸಿಲ್ಲ."

"ನಡಕೋತ ಹೋಗ್ತೀನಿ."

"ದೋಣಿಗೆ ಸೀಸ ಯಾರು ಹಚ್ಚಬೇಕು?"

"ಸಾಹೇಬ್ರು ಹಚ್ತಾರ."

"ಬಿಚ್ಚಿದ ಕೈಯೇ ಹಚ್ಚಲಿ ಅಂದಾರ ಸಾಹೇಬ್ರು."

ಸಾಹೇಬರು ಹಾಗೆ ಅಂದಿರಲಿಲ್ಲ, ನಾನು ಅಲ್ಲೇ ಇದ್ದೆನಲ್ಲ! ಆಮೇಲೆ ದಂಡೆಗೆ ಬಂದು ಹುಲಿಗಿ ಸಾಹೇಬರ ಕಿವಿಯಲ್ಲಿ ಏನೋ ಹೇಳಿದಳು. ಸಾಹೇಬರು ಕನ್ನಡಕ ಮೇಲೆ ಸರಿಸಿ, "ಹೌದೌದು, ಅಂದಿದ್ದೇನೆ," ಅಂದರು. ಅವರ ಮನೆ ತಣ್ಣಗಿರಲಿ!

ಸಾಹೇಬರು ಟಾರ್ಚು ಹಿಡಿದು ನಿಂತರು. ಇವರು ದೋಣಿಯ ಅಡಿಗೆ ಅಂಗಾತ ಮಲಗಿ ಬಿಲ್ಲೆ ಕೂಡಿಸತೊಡಗಿದರು. ಗಂಜ್‌ನಲ್ಲಿ ಎಣಿಸುವಾಗ 'ಒಂದು' ಅನ್ನುವುದಿಲ್ಲ, ಮೊದಲನೆಯದಕ್ಕೆ 'ಲಾಭ' ಅನ್ನುತ್ತಾರೆ. ಇವರೂ ಅದೇ ಅಭ್ಯಾಸದಲ್ಲಿ ಮೆಲ್ಲಗೆ ಎಣಿಸಿದರು: "ಲಾಭ... ಎರಡು... ಮೂರು..." ನಾಲ್ಕನೆಯದು ಶಬಾನಾ ಕೈಗೆ ಕೊಟ್ಟಳು. "ದಾದಾ, ಫಿಕರ್ ನಕ್ಕೊ ಕರೋ," ಅಂದಳು. ಚಿಂತೆ ಮಾಡಬೇಡಿ ಅಂತ. ಚಿಂತೆ ಮಾಡದೆ ಇರಲಿಕ್ಕಾಗುತ್ತದಾ?

ನಿಮ್ಮನ್ನೂ ಕಾಯಿಸುವುದು ಪಾಪ, ಹೇಳಿಬಿಡುತ್ತೇನೆ. ಉಳಿದ ನಾಲ್ಕು ಓಟಕ್ಕೂ ನಾನು ಕಣ್ಣು ಮುಚ್ಚಿದ್ದೇ ಹೆಚ್ಚು. ಒಂದರಲ್ಲಿ ಎರಡನೆಯವರು, ಒಂದರಲ್ಲಿ ನಾಲ್ಕು, ಒಂದರಲ್ಲಿ ಹಗ್ಗ ಸಿಕ್ಕಿಕೊಂಡು ಐದಕ್ಕೆ ಇಳಿದರು. ಕೊನೆಯ ಓಟದಲ್ಲಿ, ನ್ಯಾಯವಾದ ತೂಕದಲ್ಲಿ, ಮೊದಲು ಬಂದರು! ಎಲ್ಲ ಕೂಡಿಸಿದರೆ ಮೂರನೇ ಸ್ಥಾನ. ಸೀಟು ಸಿಕ್ಕಿತು! ಹುಲಿಗಿಗೂ, ಶಬಾನಾಗೂ! ನಾನು ಅಳತೆ ಸಾಹೇಬರ ಕೆನ್ನೆ ಸವರಿ ನೆಟಿಗೆ ಮುರಿದೆ. ಅವರ ಕನ್ನಡಕ ಮರಳಿಗೆ ಬಿತ್ತು. ರಾಯಚೂರಿಗೆ ಬಂದವಳು ಗಲ್ಲಿಯಲ್ಲಿ ಪೇಢೆ ಹಂಚಿದ್ದೇ ಹಂಚಿದ್ದು, ಹಲ್ಲಿಲ್ಲದವರಿಗೂ ಎರಡೆರಡು.

ಆದರೆ ಎರಡನೇ ಓಟಕ್ಕೆ ದೋಣಿ ಇಳಿಸುವಾಗಿನದೊಂದು ಹೇಳದೆ ಬಿಟ್ಟೆ.

ಹುಲಿಗಿ ಏಳು ತಿಂಗಳಿಗೇ ಹುಟ್ಟಿದ ಕೂಸು. ಒಂದೂವರೆ ಕಿಲೊ. ತೂಕ ಏರಿದರೆ ಉಳಿಯುತ್ತದೆ ಅಂದಿದ್ದರು ಡಾಕ್ಟರು. ಇವರು ಸಣ್ಣ ತಕ್ಕಡಿಯೊಂದನ್ನು ಮನೆಗೆ ತಂದು, ನನ್ನ ಹಳೇ ಸೀರೆಯ ತುಂಡು ಕಟ್ಟಿ, ದಿನಾ ಬೆಳಿಗ್ಗೆ ಅದರಲ್ಲಿ ಅವಳನ್ನು ತೂಗುತ್ತಿದ್ದರು. ಇದ್ದಿಲಿನಿಂದ ಗೋಡೆಗೆ ಬರೆಯುತ್ತಿದ್ದರು. ಐವತ್ತು ಗ್ರಾಂ ಏರಿದ ದಿನ ಗಲ್ಲಿಗೆಲ್ಲ ಸುದ್ದಿ. ಇಳಿದ ದಿನ ಊಟವಿಲ್ಲ. ಕೂಸು ತಕ್ಕಡಿಯಲ್ಲಿ ಇರುವಷ್ಟು ಹೊತ್ತೂ ಅವರ ಎರಡು ಕೈ ಅದರ ಕೆಳಗೆ, ಮುಟ್ಟಿಯೂ ಮುಟ್ಟದಂತೆ, ಹಿಡಿದೇ ಇರುತ್ತಿದ್ದವು. ಮುಟ್ಟಿದರೆ ತೂಕ ತಪ್ಪುತ್ತದೆ, ಬಿಟ್ಟರೆ ಕೂಸು ಬಿದ್ದೀತು.

ಎರಡನೇ ಓಟಕ್ಕೆ ಹುಡುಗಿಯರು ಹತ್ತಿ ಕೂರುವ ತನಕ ದೋಣಿಯನ್ನು ಗಾಳಿಗೆ ಎದುರಾಗಿ ಯಾರಾದರೂ ಹಿಡಿದು ನಿಲ್ಲಬೇಕಿತ್ತು. ಯಾರೂ ಹೇಳುವ ಮೊದಲೇ ಇವರು ಧೋತರ ಸಹಿತ ನೀರಿಗಿಳಿದರು. ಈಜು ಬಾರದ ಮನುಷ್ಯ! ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು.

"ತಾತಾ, ಬಿಡು."

ಬಿಡಲಿಲ್ಲ.

"ಗಾಳಿ ಬಂತು ತಾತಾ. ಬಿಡು, ನಾ ಹೋಗ್ತೀನಿ."

"ಹುಷಾರವ್ವ," ಅಂದರು. ಬಿಟ್ಟರು.

ದೋಣಿ ದೂರ ಹೋಯಿತು. ಅವರು ಎರಡೂ ಕೈ ನೀರಿನ ಮೇಲೆ ಚಾಚಿಕೊಂಡು ಹಾಗೇ ನಿಂತಿದ್ದರು. ಕರೆದೆ, ಕೇಳಿಸಲಿಲ್ಲ. ನಾನು ಸೀರೆ ಮೇಲಕ್ಕೆ ಕಟ್ಟಿ, ತಲೆ ಸುತ್ತಿದರೆ ಸುತ್ತಲಿ ಅಂತ ನೀರಿಗಿಳಿದು ಹೋಗಿ, ಅವರ ಒಂದು ಕೈ ಹಿಡಿದುಕೊಂಡು ದಂಡೆಗೆ ಕರೆತಂದೆ. ನಾಲ್ಕು ಮಂದಿಯ ಎದುರು ನಾನು ಅವರ ಕೈ ಹಿಡಿದದ್ದು ಅದೇ ಮೊದಲು.